ಅಪ್ಪನ ಕಾರು ಹೊರಟ ದಿನ

ಮೊನ್ನೆ ಶೇಂಗಾ ಚಟ್ನಿಗೆಂದು ಮಿಕ್ಸಿ ತಿರುಗಿಸುತ್ತಿದ್ದಾಗ ಅದರ ಮೋಟಾರು ಸುಟ್ಟಿತು. ಮೊದಲು ಅರಗು ಕಾಯ್ದಂಥ ಒಂದು ಬಿಸಿ ವಾಸನೆ, ಅದರ ಬೆನ್ನಿಗೇ ಹತ್ತಿ ನೂಲು ಕಮರಿದ ವಾಸನೆ. ಸೊಸೆ ಓಡಿ ಬಂದು ಸ್ವಿಚ್ ಆರಿಸಿ ಕಿಟಕಿ ತೆರೆದಳು. "ಅತ್ತಿ, ಹೊರಗ ಬರ್ರಿ, ಹೊಗಿ ಕುಡೀಬ್ಯಾಡ್ರಿ" ಎಂದಳು. ನಾನು ಹೊರಗೆ ಹೋಗಲಿಲ್ಲ. ವಾಸನೆ ಪೂರ್ತಿ ಆರುವತನಕ ಒಲೆಯ ಕಟ್ಟೆಗೆ ಒರಗಿ ಅಲ್ಲೇ ನಿಂತಿದ್ದೆ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂದು ಬೆಳಿಗ್ಗೆ ಇದೇ ವಾಸನೆ ಬಂದಿತ್ತು. ಆವತ್ತು ಅಲ್ಲಿ ನಿಂತಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ನಿಮಗೂ ಇಂಥ ಒಂದು ವಾಸನೆಯೋ ಸದ್ದೋ ಇದ್ದೀತು. ಅದು ಬಂದಾಗ ಮನೆಯವರು ಕರೆಯುತ್ತಿದ್ದರೂ ನೀವು ಓಗೊಡದೆ ನಿಂತಿರಬಹುದು. ಹಾಗೆ ನಿಂತವರಿಗೆ ಇದನ್ನು ಹೇಳುತ್ತಿದ್ದೇನೆ.

ಆ ಮನೆ ಯಾವ ಕಾಲದಲ್ಲೋ ಒಬ್ಬ ಬಿಳಿಯ ಅಧಿಕಾರಿಗೆಂದು ಕಟ್ಟಿದ್ದು. ಆಳೆತ್ತರದ ಕಿಟಕಿಗಳು, ಮೊಳದಗಲದ ಗೋಡೆಗಳು, ಗುಬ್ಬಿಗಳು ಹಾರಾಡಿದರೆ ರೆಕ್ಕೆಯ ಸದ್ದು ತಡವಾಗಿ ಕೆಳಗಿಳಿಯುತ್ತದೇನೋ ಅನ್ನುವಷ್ಟು ಎತ್ತರದ ಮಾಳಿಗೆ. ಬೇಸಿಗೆಯಲ್ಲಿ ಊರೆಲ್ಲ ಕಾದ ಹೆಂಚಾದಾಗಲೂ ನಡುಮನೆಯ ಕಲ್ಲುಹಾಸು ತಣ್ಣಗಿರುತ್ತಿತ್ತು. ಅವ್ವ ಅದರ ಮೇಲೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ನನ್ನನ್ನೂ ಗಿರಿಜಕ್ಕನನ್ನೂ ಮಧ್ಯಾಹ್ನ ಅಲ್ಲಿ ಮಲಗಿಸುತ್ತಿದ್ದಳು. ಅಂಗಳದ ಬೇವಿನ ಮರಗಳು ಹೂ ಬಿಟ್ಟಾಗ ಪೋರ್ಟಿಕೋದ ನೆಲ ಸಣ್ಣ ರವೆ ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು. ಕೋಟೆಯ ಗುಡ್ಡ ಹಿತ್ತಲಿಂದ ಕಾಣುತ್ತಿತ್ತು. ಸಂಜೆ ಆ ಬಂಡೆಗಳಿಂದ ಹಗಲೆಲ್ಲ ಕುಡಿದ ಬಿಸಿಲು ಹೊರಗೆ ಬರುತ್ತದೆ, ಅದಕ್ಕೇ ಬಳ್ಳಾರಿಯಲ್ಲಿ ರಾತ್ರಿಯೂ ಸೆಕೆ ಎಂದು ಅಪ್ಪ ಹೇಳುತ್ತಿದ್ದ. ನಿಜವೋ ಸುಳ್ಳೋ, ಅಪ್ಪ ಹೇಳಿದ್ದೆಂದು ನಾವು ನಂಬಿದ್ದೆವು.

ಅಪ್ಪ ಹುಟ್ಟಿದ್ದು ಕುರುಗೋಡಿನಲ್ಲಿ. ಕೆಲಸ ಹತ್ತಿಯ ದಲಾಲಿ. ಸುಗ್ಗಿಯಲ್ಲಿ ಸಿರುಗುಪ್ಪದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ರೈತರ ಹತ್ತಿಯನ್ನು ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳಿಗೆ ಕುದುರಿಸಿಕೊಡುತ್ತಿದ್ದ. ಮನೆಗೆ ಬಂದಾಗ ಅವನ ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಅರಳೆಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಅವ್ವ ಬಚ್ಚಲ ಬಾಗಿಲಲ್ಲಿ ನಿಲ್ಲಿಸಿ ಆರಿಸಿ ತೆಗೆಯುತ್ತಿದ್ದಳು. ಆ ಹೊತ್ತಿನಲ್ಲೂ ಅಪ್ಪನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅವನು ಮಾತಿನಿಂದಲೇ ಬದುಕಿದವನು. ಆದೋನಿಯ ವ್ಯಾಪಾರಿಗಳ ಜೊತೆ ತೆಲುಗು, ಮಿಲ್ಲಿನ ಹಮಾಲರ ಜೊತೆ ಉರ್ದು, ಮನೆಯಲ್ಲಿ ಕನ್ನಡ. ಎಮ್ಮೆಯೊಡನೆ ಮಾತಾಡುತ್ತಿದ್ದ, ಅಂಚೆಯವನನ್ನು ಕೂರಿಸಿ ಮಾತಾಡುತ್ತಿದ್ದ, ಊಟದ ನಡುವೆ ತುತ್ತು ಕೈಯಲ್ಲೇ ಒಣಗುವವರೆಗೆ ಮಾತಾಡುತ್ತಿದ್ದ. "ಮದ್ಲು ಉಣ್ರಿ, ಆಮ್ಯಾಲ ಊರು ಸುದ್ದಿ" ಎಂದು ಅವ್ವ ದಿನಾ ಒಂದು ಸಲವಾದರೂ ಹೇಳುತ್ತಿದ್ದಳು.

ಅವನು ಎಲ್ಲರಿಗಿಂತ ಹೆಚ್ಚು ಮಾತಾಡಿಸುತ್ತಿದ್ದದ್ದು ಕಾರನ್ನು. ಮದ್ರಾಸಿನ ನಂಬರಿನ ಹಳೆಯ ಕಾರು ಅದು, ಬಣ್ಣ ಮಾಸಿದ ನೀಲಿ, ದುಂಡನೆಯ ಬೆನ್ನು. ಅಪ್ಪನ ಕೈಗೆ ಬರುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಅದರ ಒಳಗೆ ಕೂತರೆ ಹಳೇ ಚರ್ಮ, ಪೆಟ್ರೋಲು, ಹತ್ತಿಬೀಜ ಎಲ್ಲ ಸೇರಿದ ಒಂದು ವಾಸನೆ. ಗಂಡುಮಕ್ಕಳಿಲ್ಲದ ಅಪ್ಪ ಗಿರಿಜಕ್ಕನಿಗೆ ಕಾರು ಕಲಿಸಿದ. ಅವಳು ಆಗ ಕಾಲೇಜು ಮುಗಿಸಿ ಮನೆಯಲ್ಲಿದ್ದಳು. ನಾನು ಸಾಲಿಗೆ ಹೋಗುವ ಹುಡುಗಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕಂಟೋನ್ಮೆಂಟಿನ ಬಯಲಿಗೆ ಒಯ್ದು ಅವಳನ್ನು ಸ್ಟೇರಿಂಗಿನ ಹಿಂದೆ ಕೂರಿಸುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ. "ನನಗ ವಯಸ್ಸಾದ ಮ್ಯಾಲ ನೀನs ನನ್ನ ಓಡಾಡಿಸಬೇಕು" ಎನ್ನುತ್ತಿದ್ದ. ನಡೆಸುವುದನ್ನಷ್ಟೇ ಅಲ್ಲ, ಹತ್ತದೆ ಹಟ ಹಿಡಿದಾಗ ಏನು ನೋಡಬೇಕೆಂಬುದನ್ನೂ ಕಲಿಸಿದ. ಸೆಲ್ಫ್ ಗುಂಡಿ ಒತ್ತಿದರೆ ಎಂಜಿನ್ನು ತಿರುಗದೆ ಇದ್ದಾಗ ಮೊದಲು ದೀಪ ಹಾಕಿ ನೋಡು ಎನ್ನುತ್ತಿದ್ದ. ಗುಂಡಿ ಒತ್ತಿದ ಕೂಡಲೇ ದೀಪ ಸತ್ತರೆ ಬ್ಯಾಟರಿಯದ್ದು ತಕರಾರು. ದೀಪ ಹಾಗೇ ಉರಿಯುತ್ತಿದ್ದು ಎಂಜಿನ್ನು ಸುಮ್ಮನಿದ್ದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಮೋಟಾರಿಗೆ ಮುಟ್ಟುತ್ತಿಲ್ಲ. "ಅದಕ್ಕ ಬಾಯಿಲ್ಲ, ನಾವs ಕೇಳಿ ತಿಳ್ಕೋಬೇಕು" ಎನ್ನುತ್ತಿದ್ದ. ಪಾಠ ಮುಗಿದಾಗ ಅಕ್ಕನ ತಲೆಯ ಮೇಲೆ ಕೈಯಿಟ್ಟು ಒಮ್ಮೆ ಒತ್ತುತ್ತಿದ್ದ. ಅದೇ ಶಾಭಾಸ್‌ಗಿರಿ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಒಂದು ಸುಗ್ಗಿಯಲ್ಲಿ ಅಪ್ಪ ಸಿರುಗುಪ್ಪದ ಮಿಲ್ಲೊಂದರ ಅಂಗಳದಲ್ಲಿ ಮಾತಾಡುತ್ತಾ ನಿಂತವನು ನಿಂತಂತೆಯೇ ಕುಸಿದ. ಪರಿಚಯದ ಲಾರಿ ಡ್ರೈವರೊಬ್ಬ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅದೇ ಕಾರಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ತಂದ. ಜೀವ ಉಳಿಯಿತು. ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಬಹುಶಃ ನಾವೂ ಒಗ್ಗಿಕೊಳ್ಳುತ್ತಿದ್ದೆವು. ಒಂದೇ ಒಂದು ಶಬ್ದ ಉಳಿಯಿತು. "ಆತು." ಹಸಿವಾದರೆ ಆತು, ಹೊಟ್ಟೆ ತುಂಬಿದರೂ ಆತು. ನೋವಿಗೂ ಸಿಟ್ಟಿಗೂ ನನ್ನನ್ನು ಕರೆಯಲಿಕ್ಕೂ ಅದೇ. ಡಾಕ್ಟರು ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದೆ, ಮಾತು ಮರಳಿ ಬಂದರೂ ಬರಬಹುದು ಎಂದಿದ್ದರು. ಅಕ್ಕ ನನ್ನ ಪಾಟಿ ತಂದು ಅವನ ಎಡಗೈಗೆ ಬಳಪ ಕೊಟ್ಟಳು. ಬೆಳಗಿನಿಂದ ಸಂಜೆಯವರೆಗೆ ಲೆಕ್ಕ ಬರೆಯುತ್ತಿದ್ದ ಮನುಷ್ಯ ಅದರ ಮೇಲೆ ಒಂದು ಸೊಟ್ಟ ಗೆರೆ ಎಳೆದು, ಅದನ್ನೇ ನೋಡುತ್ತ ಕೂತ. ಹೌದು ಅನ್ನುವುದಕ್ಕೂ ಅಲ್ಲ ಅನ್ನುವುದಕ್ಕೂ ಅವನ ತಲೆ ಒಂದೇ ಥರ ಅಲ್ಲಾಡುತ್ತಿತ್ತು. ನಾವು ಮುಖ ನೋಡಿ ಊಹಿಸಬೇಕಾಗಿತ್ತು.

ಕಾರು ಪೋರ್ಟಿಕೋದಲ್ಲಿ ನಿಂತೇ ಇತ್ತು. ಅದರ ಮೇಲೆ ಬೇವಿನ ಹೂ ಬಿತ್ತು, ಆಮೇಲೆ ಬೇವಿನ ಹಣ್ಣು ಬಿತ್ತು, ಒಂದು ಮಳೆಗಾಲವೂ ಹೋಯಿತು. ಅಪ್ಪನನ್ನು ಬೆತ್ತದ ಕುರ್ಚಿಯಲ್ಲಿ ಹೊರಗೆ ಕೂರಿಸುವಷ್ಟು ಚೇತರಿಕೆಯಾದ ಮೇಲೆ ಒಂದು ಬೆಳಿಗ್ಗೆ ಅವನು ಎಡಗೈ ಎತ್ತಿ ಕಾರನ್ನು ತೋರಿಸಿದ. ನಂತರ ಗೇಟಿನಾಚೆಯ ರಸ್ತೆ ತೋರಿಸಿದ. "ಆತು, ಆತು." ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನ, ಅವ್ವ ಕೈ ಹಿಡಿದು ಕೆಳಗಿಳಿಸಿದರೂ ಮತ್ತೆ ಎತ್ತಿದ. ಯಾವುದೋ ಊರಿಗೆ ಹೋಗಬೇಕು ಅವನಿಗೆ, ಅಲ್ಲಿ ಏನೋ ಇದೆ ಅಥವಾ ಯಾರೋ ಇದ್ದಾರೆ ಎನ್ನುವುದು ನಮಗೆಲ್ಲ ಖಾತ್ರಿಯಾಯಿತು. ಅವನ ಕಣ್ಣಿನಲ್ಲಿದ್ದ ಅವಸರ ಸುಮ್ಮನೆ ಸುತ್ತಾಡುವ ಆಸೆಯದಲ್ಲ. "ಕುರುಗೋಡಿಗಿ ಇರಬೇಕು. ಹುಟ್ಟಿದೂರು ಜಗ್ಗತೈತಿ" ಎಂದಳು ಅವ್ವ. ಅಕ್ಕ ಕೀಲಿ ತಂದು ಕಾರಿನಲ್ಲಿ ಕೂತು ಸೆಲ್ಫ್ ಒತ್ತಿದಳು. ಅದರಿಂದ ಏನೂ ಬರಲಿಲ್ಲ. ಅಷ್ಟು ದಿನ ನಿಂತ ಕಾರಿನ ಬ್ಯಾಟರಿಯಲ್ಲಿ ಏನಿದ್ದೀತು?

ಕೌಲ್ ಬಜಾರಿನ ಬಾಷಾ ಮಾಮನನ್ನು ಕರೆಸಿದರು. ಅಪ್ಪನ ಕಾರನ್ನು ಮೊದಲಿಂದಲೂ ನೋಡಿಕೊಂಡವನು ಅವನೇ. ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಹೋದವನಲ್ಲ. ಬಂದವನು ಮೊದಲು ಅಪ್ಪನ ಕುರ್ಚಿಯ ಬಳಿ ಕುಕ್ಕುರುಗಾಲಲ್ಲಿ ಕೂತು ಅವನ ಸತ್ತ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಏನು ಸಾವ್ಕಾರ್ರ, ನಮ್ಮನ್ನ ಬೈಯಾಕಾದ್ರೂ ಬಾಯಿ ತೆಗೀರಿ" ಎಂದ. ಅಪ್ಪ "ಆತು" ಎಂದ. ಬಾಷಾ ಮಾಮ ಎದ್ದು ಬಾನೆಟ್ ತೆರೆದ. ಅವನ ಮುಖ ಅದರ ಹಿಂದೆ ಬಹಳ ಹೊತ್ತು ಕಾಣಿಸಲಿಲ್ಲ.

ಬ್ಯಾಟರಿಯನ್ನು ಅಂಗಡಿಗೆ ಒಯ್ದು ಚಾರ್ಜ್ ಮಾಡಿಸಿ ತಂದು ಕೂರಿಸಿದರು. ಈಗ ಸೆಲ್ಫ್ ಒತ್ತಿದರೆ ‘ಟಕ್’ ಅನ್ನುವ ಒಂದು ಒಣ ಸದ್ದು, ಅಷ್ಟೇ. ಅಕ್ಕ ಅಪ್ಪ ಕಲಿಸಿದಂತೆ ದೀಪ ಹಾಕಿ ನೋಡಿದಳು. ಗುಂಡಿ ಒತ್ತಿದರೂ ದೀಪ ಹೆಚ್ಚು ಮಂಕಾಗಲಿಲ್ಲ. "ಬ್ಯಾಟ್ರಿ ಛಲೋ ಐತಿ ಮಾಮ, ಮೋಟಾರಿಗಿ ಮುಟ್ಟವಲ್ದು" ಎಂದಳು. ಬಾಷಾ ಮಾಮ ಸೆಲ್ಫ್ ಮೋಟಾರನ್ನೇ ಬಿಚ್ಚಿ ತನ್ನ ಅಂಗಡಿಗೆ ಒಯ್ದ, ಒಳಗಿನ ಕಾರ್ಬನ್ ಬದಲಿಸಿದ, ಉಜ್ಜಿ ತೊಳೆದ. ಅಲ್ಲಿ ಬ್ಯಾಟರಿಗೆ ಹಚ್ಚಿದರೆ ಕೈಯಿಂದ ಹಾರುವ ಹಾಗೆ ತಿರುಗಿತಂತೆ. ತಂದು ಕಾರಿಗೆ ಹಾಕಿದರೆ ಮತ್ತೆ ಟಕ್. ಗುಂಡಿಯ ಸ್ವಿಚ್ ಕೆಟ್ಟಿರಬೇಕೆಂದು ಅದನ್ನೂ ಬದಲಿಸಿದ. ಟಕ್. ಆ ಸದ್ದು ಬಂದಾಗಲೆಲ್ಲ ಕುರ್ಚಿಯಲ್ಲಿ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಿ ಹಚ್ಚುವುದೂ ಆಗಿನ ಕಾರುಗಳಲ್ಲಿ ಇತ್ತು. ಬಾಷಾ ಮಾಮ ಅದನ್ನೂ ಮಾಡಿದ. ಎಂಜಿನ್ನು ಒಮ್ಮೆ ಕೆಮ್ಮಿ ಹಿಮ್ಮುಖವಾಗಿ ಒದೆಯಿತು. ಹ್ಯಾಂಡಲ್ ತಿರುಗಿ ಅವನ ಮಣಿಕಟ್ಟಿಗೆ ಬಡಿಯಿತು. ಕೈ ಊದಿ ಬದನೆಕಾಯಿಯಾಯಿತು. ಅವ್ವ ಅರಿಷಿಣ ಹಚ್ಚಿ ಕಟ್ಟುತ್ತಾ, ಇನ್ನು ಮೇಲೆ ಆ ಹ್ಯಾಂಡಲ್ಲನ್ನು ಯಾರೂ ಮುಟ್ಟಕೂಡದು ಎಂದಳು. ಆಮೇಲೆ ಒಂದು ದಿನ ಓಣಿಯವರೆಲ್ಲ ಸೇರಿ ನೂಕಿದರು. ಹಾಗೆ ನೂಕಿದಾಗ ಎಂಜಿನ್ನು ಹತ್ತಿತು. ನೆರೆಯವರು ಸಂಭ್ರಮದಿಂದ ಅಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿಯೇಬಿಟ್ಟರು. ಅಕ್ಕ ಕಂಟೋನ್ಮೆಂಟಿನ ರಸ್ತೆಯಲ್ಲಿ ಒಂದು ಸುತ್ತು ಹೊರಟಳು, ನಾನು ಹಿಂದೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುವುದನ್ನು ಕಾಯುತ್ತ ನಿಂತಾಗ ಎಂಜಿನ್ನು ನಿಂತುಹೋಯಿತು. ಗೇಟು ತೆರೆಯಿತು. ಹಿಂದೆ ಟಾಂಗಾಗಳು, ಬಸ್ಸು, ಬೈಗುಳ. ಅಕ್ಕ ಗುಂಡಿ ಒತ್ತಿಯೇ ಒತ್ತಿದಳು. ಗುರುತಿಲ್ಲದ ಜನ ಬಂದು ಕಾರನ್ನು ರಸ್ತೆಯ ಬದಿಗೆ ನೂಕಿ, ಈ ಸಲ ನೂಕಿದರೂ ಹತ್ತದ್ದರಿಂದ ಹಾಗೇ ಮನೆಯತನಕ ನೂಕಿಕೊಂಡು ಬಂದರು. ದಾರಿಯಲ್ಲಿ ಒಬ್ಬ ತೆಲುಗಿನಲ್ಲಿ, ಮುದುಕನನ್ನಾದರೂ ಇಳಿಸಬಾರದಿತ್ತೇ, ಭಾರ ಎಂದ. ಅಪ್ಪನಿಗೆ ತೆಲುಗು ಚೆನ್ನಾಗಿ ತಿಳಿಯುತ್ತಿತ್ತು. ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಹಿಂದಿನಿಂದ ಅವನ ಎಡಗಿವಿಯೂ ಒದ್ದೆಯಾದ ಕೆನ್ನೆಯೂ ನನಗೆ ಕಾಣಿಸುತ್ತಿದ್ದವು.

"ಆ ಗುಂಡಿ ಒತ್ತಿದ್ರ ಹತ್ತೋತನಕ ಅವರನ್ನ ಅದರಾಗ ಕೂಡಿಸಬ್ಯಾಡ" ಎಂದು ಅವ್ವ ಅಕ್ಕನಿಗೆ ಹೇಳಿದಳು. ಬೈದು ಹೇಳಲಿಲ್ಲ, ಮೆತ್ತಗೇ ಹೇಳಿದಳು. ನಮ್ಮ ಸೋದರಮಾವ ಬಂದು, ಗುಜರಿಗೆ ಹಾಕುವುದು ಒಳ್ಳೆಯದು, ಟ್ಯಾಕ್ಸಿ ಮಾಡಿಕೊಂಡು ಹೋದರಾಯಿತು ಎಂದ. ಟ್ಯಾಕ್ಸಿಯನ್ನೂ ತರಿಸಿದ. ಅಪ್ಪ ಅದರ ಬಾಗಿಲನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಒಳಗೆ ಕಾಲಿಡಲೇ ಇಲ್ಲ. ನಮ್ಮ ನೀಲಿ ಕಾರಿನ ಕಡೆ ತೋರಿಸಿದ. ಮಾವ ಬೇಸರ ಮಾಡಿಕೊಂಡು ಹೋದ. ಆವತ್ತಿಂದ ಅಕ್ಕ ಪ್ರತಿ ಬೆಳಿಗ್ಗೆ ಅಡುಗೆಯ ಕೆಲಸ ಮುಗಿಸಿ, ಸೆರಗು ಸಿಕ್ಕಿಸಿ, ಬಾನೆಟ್ ತೆರೆದು ನಿಲ್ಲತೊಡಗಿದಳು. ಒಂದೊಂದು ವೈರನ್ನೂ ಹಿಡಿದು ಅಪ್ಪನ ಕಡೆ ತಿರುಗಿ "ಇದಾ ಅಪ್ಪಾ?" ಎಂದು ಕೇಳುವಳು. ಅಪ್ಪನ ತಲೆ ಅದೇ ಥರ ಅಲ್ಲಾಡುವುದು. ನೋಡಿದವರಿಗೆ ನಗು ಬರುತ್ತಿತ್ತೋ ಏನೋ. ಬಾಷಾ ಮಾಮ ಮಾತ್ರ ಊದಿದ ಕೈಯಲ್ಲೇ ಆಗಾಗ ಬಂದು ಜೊತೆಗೆ ನಿಲ್ಲುತ್ತಿದ್ದ.

ಆ ಬೆಳಿಗ್ಗೆ ಅವನೂ ಇದ್ದ. ಚಳಿ ಶುರುವಾಗಿತ್ತು. ಚಳಿಯಲ್ಲಿ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬಿಡಲು ಎಳೆಯುವ ಚೋಕನ್ನು ಅಕ್ಕ ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದರಲ್ಲಿ ಸೆಲ್ಫ್ ಒತ್ತಿದಳು. ಟಕ್. ಸಿಟ್ಟಿಗೋ ಏನೋ, ಈ ಸಲ ಗುಂಡಿಯಿಂದ ಬೆರಳು ತೆಗೆಯಲೇ ಇಲ್ಲ. ಆಗ ಆ ವಾಸನೆ ಬಂತು, ಅರಗು ಕಾಯ್ದಂತೆ, ನೂಲು ಕಮರಿದಂತೆ. ಅವಳು ಚಟ್ಟನೆ ಎಡಗೈ ಎಳೆದುಕೊಂಡು ಬೆರಳನ್ನು ಬಾಯಿಗಿಟ್ಟಳು.

"ಚೋಕಿನ ತಂತಿ ಸುಡಾಕತ್ತೈತಿ ಮಾಮ."

"ಅದಕ್ಕ ಕರೆಂಟs ಇಲ್ಲವ್ವ. ಅದು ಬರೇ ಜಗ್ಗೋ ತಂತಿ" ಎಂದ ಬಾಷಾ ಮಾಮ.

"ಮುಟ್ಟಿ ನೋಡ್ರಿ."

ಅವನು ಮುಟ್ಟಿ ಕೈ ಕೊಡವಿದ. ಅಷ್ಟರಲ್ಲಿ ಹಿಂದಿನಿಂದ ಸದ್ದು ಕೇಳಿಸಿತು. ಅಪ್ಪ ಎಡಗಾಲಿನಿಂದ ನೆಲವನ್ನು ಒದೆಯುತ್ತಿದ್ದ. "ಆತು, ಆತು, ಆತು." ಆಮೇಲೆ ಕುರ್ಚಿಯಿಂದ ಬಾಗಿ ಎಡಗೈಯನ್ನು ಚಾಚಿ ನೆಲವನ್ನು ಬಡಿಯತೊಡಗಿದ. ಬೀಳುತ್ತಾನೆಂದು ಅವ್ವ ಓಡಿ ಬಂದು ತಬ್ಬಿ ಹಿಡಿದಳು.

"ಬಿಡವ್ವಾ, ಬಿಡು. ನೆಲಾ ಬಡೀತಾನ ನೋಡು" ಎಂದು ಅಕ್ಕ ಅವನ ಮುಂದೆ ಮಂಡಿಯೂರಿದಳು. "ನೆಲಾನಾ ಅಪ್ಪಾ? ಅರ್ತ್?"

ಅಪ್ಪನ ಅರ್ಧ ಮುಖ ನಕ್ಕಿತು. ಬಾಯಿ ಒಂದು ಕಡೆಗೆ ಓರೆಯಾಗಿ ತೆರೆದು, ಜೊಲ್ಲು ಇಳಿದು, ಕಣ್ಣು ತುಂಬಿ, ಅವನು ನಿಜವಾಗಿ ನಗುತ್ತಿದ್ದ. ಅಕ್ಕ ಆಮೇಲೆ ನನಗೆ ಬಿಡಿಸಿ ಹೇಳಿದಳು. ಬ್ಯಾಟರಿಯಿಂದ ಮೋಟಾರಿಗೆ ಹೋದ ಕರೆಂಟು ವಾಪಸು ಬರಲಿಕ್ಕೂ ದಾರಿ ಬೇಕು. ಎಂಜಿನ್ನು ರಬ್ಬರಿನ ಮೇಲೆ ಕೂತಿರುವುದರಿಂದ ಅದನ್ನೂ ಕಾರಿನ ಮೈಯನ್ನೂ ಕೂಡಿಸಲು ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ಅದಕ್ಕೆ ಅರ್ತ್ ಎನ್ನುತ್ತಾರೆ, ನೆಲ ಎಂದೇ ಅರ್ಥ. ಅದು ಹರಿದರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ; ಎಂಜಿನ್ನಿಗೂ ಕಾರಿನ ಮೈಗೂ ತಾಗಿರುವ ಸಣ್ಣ ಚೋಕಿನ ತಂತಿಯಲ್ಲಿ ನುಗ್ಗಿ ಅದನ್ನು ಸುಡುತ್ತದೆ. ಬಾಷಾ ಮಾಮ ಕಾರಿನಡಿ ತೂರಿದ. "ಹೋಗೈತ್ರಿ ಸಾವ್ಕಾರ್ರ. ಹಸಿರು ಹಿಡದು ಎರಡು ಎಳಿ ಉಳದೈತಿ" ಎಂಬ ದನಿ ಅಡಿಯಿಂದ ಬಂತು. ಅದರ ಜಾಗಕ್ಕೆ ಹೊಸ ಪಟ್ಟಿ ತಂದು ಬಿಗಿದ. ಅಕ್ಕ ಗುಂಡಿ ಮುಟ್ಟಿದಳೋ ಇಲ್ಲವೋ, ಅಷ್ಟು ತಿಂಗಳು ಗುಂಡಿಗೆ ಓಗೊಡದಿದ್ದ ಎಂಜಿನ್ನು ಪೋರ್ಟಿಕೋದ ಗೋಡೆಗಳು ಅದುರುವಂತೆ ಎದ್ದಿತು. ಗುಬ್ಬಿಗಳೆಲ್ಲ ಹಾರಿದವು. ಅವ್ವ ಕಂಬಕ್ಕೆ ಒರಗಿ ಅತ್ತಳು.

ಆ ಸಂಜೆ ನಮ್ಮ ಮನೆಯಲ್ಲಿ ದೀಪಾವಳಿಯಂತಿತ್ತು. "ಒಳಗ ಎಲ್ಲಾ ಐತವ್ವ" ಎಂದು ಅಕ್ಕ ಮತ್ತೆ ಮತ್ತೆ ಹೇಳುತ್ತಿದ್ದಳು. "ಅಪ್ಪಗ ಎಲ್ಲಾ ತಿಳೀತೈತಿ. ನಾವು ಕೇಳೋದು ಬರೋಬರಿ ಕೇಳಬೇಕು, ಅಷ್ಟs." ಕಾರಿನ ತಕರಾರನ್ನು ಕುರ್ಚಿಯಲ್ಲಿ ಕೂತೇ ತೋರಿಸಿದವನು ತಾನು ಹೋಗಬೇಕಾದ ಊರನ್ನು ತೋರಿಸದೆ ಇರುತ್ತಾನೆಯೇ? ನಮಗೆ ಅನುಮಾನವೇ ಇರಲಿಲ್ಲ. ಮರುದಿನ ನಸುಕಿಗೇ ಅವ್ವ ಜೋಳದ ರೊಟ್ಟಿ ಬಡಿದಳು, ಗುರೆಳ್ಳು ಚಟ್ನಿಪುಡಿ, ಮೊಸರನ್ನ ಕಟ್ಟಿದಳು. ಅಪ್ಪನಿಗೆ ಮಡಿಸಿಟ್ಟಿದ್ದ ಬಿಳಿ ಅಂಗಿ, ಧೋತರ ಉಡಿಸಿ, ತಲೆಗೆ ಟೋಪಿ ಇಟ್ಟು, ಹಣೆಗೆ ವಿಭೂತಿ ಹಚ್ಚಿದಳು. ನಾವು ಯಾವುದೋ ಮದುವೆಗೆ ಹೊರಟವರ ಹಾಗೆ ಬೆಳಿಗ್ಗೆ ಹೊರಟೆವು. ಹೆಣ್ಣುಮಗಳು ಕಾರು ನಡೆಸುವುದನ್ನು ದಾರಿಯುದ್ದಕ್ಕೂ ಜನ ನಿಂತು ನೋಡಿದರು.

ಕುರುಗೋಡಿನ ರಸ್ತೆ ಕವಲೊಡೆಯುವಲ್ಲಿ ಅಕ್ಕ ನಿಲ್ಲಿಸಿ, "ಊರಿಗಾ ಅಪ್ಪಾ? ಕುರುಗೋಡಿಗಾ?" ಎಂದು ಕೇಳಿದಳು. "ಆತು" ಎಂದ. ಹೋದೆವು. ಗುಡ್ಡ ಕಂಡಿತು, ದೊಡ್ಡಬಸವಣ್ಣನ ಗುಡಿಯ ಗೋಪುರ ಕಂಡಿತು. ಅವನು ಹುಟ್ಟಿದ ಮನೆಯಲ್ಲಿ ಈಗ ಬೇರೆಯವರಿದ್ದರು. ಓಣಿಯ ದೂರದ ಸಂಬಂಧದ ಅತ್ತೆಯೊಬ್ಬಳು ಓಡಿ ಬಂದು ಕಿಟಕಿಯಲ್ಲಿ ಕೈ ತೂರಿಸಿ ಅಪ್ಪನ ಗಲ್ಲ ಹಿಡಿದು ಅತ್ತಳು. ಅಕ್ಕ ಬಾಗಿಲು ತೆರೆದಳು. ಅಪ್ಪ ಅದನ್ನು ಎಡಗೈಯಿಂದ ಎಳೆದು ಮುಚ್ಚಿದ. ಮುಂದೆ, ಮುಂದೆ ಎಂದು ಕೈ ಬೀಸಿದ. ಸಿರುಗುಪ್ಪಕ್ಕೆ ಹೋದೆವು. ಅವನು ಕುಸಿದು ಬಿದ್ದ ಮಿಲ್ಲಿನ ಅಂಗಳದಲ್ಲಿ ಹತ್ತಿಯ ಗುಡ್ಡೆಗಳಿದ್ದವು. ಹಮಾಲರು ಕೆಲಸ ಬಿಟ್ಟು ಸುತ್ತುವರಿದರು, ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ ಮಾತಾಡಿಸಿದರು. ಅಪ್ಪ ಅವರನ್ನು ನೋಡಿದ, ಗುರುತು ಹಿಡಿದ, ಆದರೆ ಅವನು ಹುಡುಕುತ್ತಿದ್ದದ್ದು ಅದಲ್ಲ. "ಆತು, ಆತು" ಎಂದು ಹಣೆ ಬಡಿದುಕೊಂಡ. ಹಚ್ಚೊಳ್ಳಿಯಲ್ಲಿ ಅಪ್ಪನಿಗೆ ಬೇಕಾದ ರೈತನೊಬ್ಬನಿದ್ದ. ಅಲ್ಲಿಗೂ ಹೋದೆವು. ಅವನು ಎಳನೀರು ತಂದು ಕಾರಿನ ಪಕ್ಕದಲ್ಲೇ ನಿಂತು ಕುಡಿಸಿದ; ಅಪ್ಪ ಕುಡಿದು, ಅವನ ಭುಜದಾಚೆ ನೋಡಿದ. ಎಲ್ಲಿ ನಿಲ್ಲಿಸಿದರೂ ಕಾರು ಗುಂಡಿ ಮುಟ್ಟಿದ ಕೂಡಲೇ ಹತ್ತುತ್ತಿತ್ತು. ಪ್ರತಿ ಸಲ ಅದು ಹತ್ತಿದಾಗ ಅಕ್ಕನ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು.

ಊಟಕ್ಕೆಂದು ಕಾಲುವೆಯ ದಂಡೆಯಲ್ಲಿ ನಿಲ್ಲಿಸಿದೆವು. ಎರಡೂ ಕಡೆ ಭತ್ತದ ಗದ್ದೆಗಳು, ಕಾಲುವೆಯ ತುಂಬ ಮಣ್ಣು ಬಣ್ಣದ ನೀರು. ಅಪ್ಪ ತುತ್ತು ಬಾಯಿಗೆ ತೆಗೆದುಕೊಳ್ಳಲಿಲ್ಲ. ಅಕ್ಕ ಕಾರಿನ ಬಾಗಿಲ ಬಳಿ ಮಣ್ಣಿನಲ್ಲಿ ಕೂತು ಅವನ ಎಡಗೈ ಹಿಡಿದುಕೊಂಡು ಊರುಗಳ ಹೆಸರು ಹೇಳತೊಡಗಿದಳು. ಆದೋನಿ? ರಾಯಚೂರು? ಗಂಗಾವತಿ? ಊರು ಮುಗಿದ ಮೇಲೆ ಮನುಷ್ಯರ ಹೆಸರು ಹೇಳಿದಳು, ಬದುಕಿದ್ದವರದ್ದು, ಸತ್ತವರದ್ದು. ಪ್ರತಿ ಹೆಸರಿಗೂ ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ, ಮುಂದಿನದ್ದು ಅದೇ ಇದ್ದೀತೆಂಬಂತೆ. ಕೊನೆಗೆ ಅವಳ ಬಳಿ ಹೆಸರುಗಳು ಮುಗಿದವು. ಆಗ ಅಪ್ಪನೇ ಹೇಳಲು ಹೊರಟ. ಬಾಯಿ ತೆರೆದ, ಕತ್ತಿನ ನರಗಳು ಉಬ್ಬಿದವು, ನಾಲಿಗೆ ಹಲ್ಲಿಗೆ ತಾಗಿತು. ನಾವು ಮೂವರೂ ಉಸಿರು ಹಿಡಿದು ಕಾದೆವು. "ಆತು" ಎಂದ. ತನ್ನ ಬಾಯಿಂದ ಬಂದ ಆ ಮಾತು ಅವನಿಗೇ ಕೇಳಿಸಿತು. ಅವನು ಅಕ್ಕನ ತಲೆಯ ಮೇಲೆ ಕೈಯಿಟ್ಟು ಒಮ್ಮೆ ಒತ್ತಿದ. ಆಮೇಲೆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೀರಿನ ಕಡೆ ತಿರುಗಿದ.

"ನಡಿ ಗಿರಿಜಾ, ಮನಿಗಿ ಹೋಗಣು" ಎಂದಳು ಅವ್ವ.

ಮಾರನೆಯ ಬೆಳಿಗ್ಗೆ ಅಪ್ಪ ಕಾರನ್ನು ತೋರಿಸಲಿಲ್ಲ. ಅದರ ಮರುದಿನವೂ ಇಲ್ಲ. ಅಕ್ಕ ತಾನೇ ಎಂಜಿನ್ನು ಹಚ್ಚಿ, ಕುರ್ಚಿಯ ಬಳಿ ಬಂದು "ಇವತ್ತು ಬ್ಯಾರೆ ಕಡಿ ಹೋಗೂನೇನಪ್ಪಾ?" ಎಂದರೆ ಅವನು ಅವಳ ಕಡೆ ನೋಡುತ್ತಿರಲಿಲ್ಲ. ಬರಬರುತ್ತ ‘ಆತು’ ಕೂಡ ಕಡಿಮೆಯಾಗಿ ನಿಂತುಹೋಯಿತು. ಕೊಟ್ಟರೆ ಉಣ್ಣುವುದು, ಮಲಗಿಸಿದರೆ ಮಲಗುವುದು. ಅವ್ವ ಒಮ್ಮೆ ಅವನ ಕಾಲಿಗೆ ಎಣ್ಣೆ ತಿಕ್ಕುತ್ತಾ, ಆ ಕಾರು ಹತ್ತದೇ ಇದ್ದಿದ್ದರೆ ಇನ್ನೂ ಸ್ವಲ್ಪ ದಿನ ಆಸೆ ಇಟ್ಟುಕೊಂಡಿರುತ್ತಿದ್ದರೇನೋ ಎಂದಳು. ಅಕ್ಕ ಕೇಳಿಸಿಕೊಂಡಳು. ಬೇವು ಮತ್ತೆ ಹೂ ಬಿಡುವ ಮುಂಚೆ ಅಪ್ಪ ತೀರಿಕೊಂಡ. ಬಾಷಾ ಮಾಮ ಮಣ್ಣಿಗೆ ಬಂದು, ಎಲ್ಲರೂ ಹೋದ ಮೇಲೂ ಪೋರ್ಟಿಕೋದಲ್ಲಿ ಕಾರಿಗೆ ಬೆನ್ನು ಕೊಟ್ಟು ಕೂತಿದ್ದ. ಕೊಳ್ಳಲು ಗುಂತಕಲ್ಲಿನಿಂದ ಯಾರೋ ಬಂದಾಗ ಕಾರು ಒಂದೇ ಸಲಕ್ಕೆ ಹತ್ತಿ, ಗೇಟು ದಾಟಿ ಹೋಯಿತು. ಅಕ್ಕ ಒಳಗಿದ್ದಳು.

ಅವಳನ್ನು ರಾಯಚೂರಿಗೆ ಕೊಟ್ಟರು. ಒಳ್ಳೆಯ ಮನೆತನ, ಅಲ್ಲಿ ಅವಳು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ, ಹಿಡಿಯಬಲ್ಲಳೆಂದು ಅವಳ ಮಕ್ಕಳಿಗೂ ಗೊತ್ತಿರಲಿಲ್ಲ. ಅವ್ವ ನನ್ನ ಜೊತೆ ಕೆಲವು ವರ್ಷ ಇದ್ದು ಹೋದಳು. ಕಂಟೋನ್ಮೆಂಟಿನ ಆ ಮನೆಯನ್ನು ಕೆಡವಿದರು. ಬೇವಿನ ಮರಗಳನ್ನು ಯಾವಾಗ ಕಡಿದರೋ ನಾನು ನೋಡಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಕ್ಕನಿಗೆ ಮೂತ್ರಪಿಂಡದ ಕಾಯಿಲೆ ಬಂತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನು ಕಿತ್ತಳೆ ಸುಲಿಯುತ್ತ ಕೂತಿದ್ದೆ. ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆ.

"ಲೇ ಶಾಂತಾ, ನಾವು ಹಲಕುಂದಿ ಕಡಿ ಹೋಗಲೇ ಇಲ್ಲ ನೋಡು" ಎಂದಳು.

"ಯಾವಾಗ?"

"ಅಪ್ಪನ್ನ ಕರಕೊಂಡು. ಎಲ್ಲಾ ಇತ್ತಾಗs ಹೋದ್ವಿ. ಕುರುಗೋಡು, ಸಿರುಗುಪ್ಪ. ಅತ್ತಾಗ ಒಮ್ಮೆನೂ ತಿರುಗಿಸಲಿಲ್ಲ. ಹೆಸರೂ ಕೇಳಲಿಲ್ಲ."

"ಹಲಕುಂದಿಯಾಗ ಅಪ್ಪಗ ಯಾರಿದ್ರಕ್ಕಾ?"

"ನನಗೇನು ಗೊತ್ತು" ಎಂದು ಅವಳು ಗೋಡೆಯ ಕಡೆ ತಿರುಗಿದಳು. ಅಷ್ಟು ವರ್ಷ ಅವಳು ಊರುಗಳ ಹೆಸರು ಹೇಳುತ್ತಲೇ ಇದ್ದಳೆಂಬುದು ನನಗೆ ಆಗ ತಿಳಿಯಿತು. ಆ ವಾರವೇ ಹೋದಳು.

ಅವಳ ಕಾರ್ಯವೆಲ್ಲ ಮುಗಿದ ಮೇಲೆ ನಾನು ಯಾರಿಗೂ ಹೇಳದೆ ಬಳ್ಳಾರಿಯಿಂದ ಹಲಕುಂದಿಗೆ ಬಸ್ಸು ಹತ್ತಿದೆ. ದೂರವೇನಲ್ಲ. ಇಳಿದು ಮಠದ ತನಕ ನಡೆದೆ, ಓಣಿಗಳಲ್ಲಿ ಸುಮ್ಮನೆ ತಿರುಗಿದೆ. ಹೊತ್ತು ನೆತ್ತಿಗೇರಿತ್ತು, ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು. ಯಾರನ್ನು ನಿಲ್ಲಿಸಿ ಏನೆಂದು ಕೇಳಬೇಕೆಂದು ತಿಳಿಯಲಿಲ್ಲ. ಅಪ್ಪನ ಹೆಸರು ಹೇಳಿದರೂ ಅದರ ಮುಂದೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ತಿರುಗಿ ಬಂದು ಬಸ್ಸು ನಿಲ್ಲುವ ಕಟ್ಟೆಯ ಬಳಿ ನಿಂತೆ. ಅಲ್ಲಿ ಕೂತಿದ್ದ ಮುದುಕನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, "ಯಾರ ಮನಿಗಿ ಬಂದಿದ್ದೆವ್ವಾ?" ಎಂದು ಕೇಳಿದ.

"ಯಾರ ಮನಿಗೂ ಇಲ್ಲಜ್ಜ" ಎಂದೆ.

ಅವನು ನೆರಳಿರುವ ಕಡೆ ನನಗೆ ಕೂಡಲು ಜಾಗ ಬಿಟ್ಟು ಸ್ವಲ್ಪ ಸರಿದ. ಬಳ್ಳಾರಿಯ ಬಸ್ಸು ಬರುವವರೆಗೂ ಇಬ್ಬರೂ ಅಲ್ಲಿ ಕೂತಿದ್ದೆವು.